ಮೌಂಟನ್ ಬೈಕ್ ಫೋರ್ಕ್‌ನ ಡ್ಯಾಂಪರ್ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈಗಿರುವ ಸಸ್ಪೆನ್ಷನ್ ಫೋರ್ಕನ್ನು ಉಳಿಸಿಕೊಂಡು ಅದರೊಳಗಿನ ಡ್ಯಾಂಪರನ್ನು ಮಾತ್ರ ಉತ್ತಮಪಡಿಸಬೇಕೆಂದು ಯೋಚಿಸುತ್ತಿರುವ ಸವಾರರಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಹಣ ಕೊಟ್ಟು ಬಿಡಿಭಾಗ ತರಿಸುವ ಮೊದಲು ಇದನ್ನು ಪೂರ್ತಿ ಓದಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವರಿಗೆ ಉತ್ತರ ಎರಡನೆಯ ಪ್ರಶ್ನೆಯಲ್ಲೇ ಸಿಕ್ಕಿಬಿಡಬಹುದು.

ಡ್ಯಾಂಪರ್ ಎಂದರೆ ಫೋರ್ಕ್‌ನ ಯಾವ ಭಾಗ? ಅದರ ಕೆಲಸವೇನು?

ಫೋರ್ಕ್‌ನ ಎರಡು ಕಾಲುಗಳು ಹೊರನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಒಳಗೆ ಅವುಗಳ ಕೆಲಸ ಬೇರೆ ಬೇರೆ. ಇಂದಿನ ಬಹುತೇಕ ಫೋರ್ಕ್‌ಗಳಲ್ಲಿ ಎಡಗಾಲಿನೊಳಗೆ ಗಾಳಿಯ ಅಥವಾ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಬಲಗಾಲಿನೊಳಗೆ ಎಣ್ಣೆ ತುಂಬಿದ ಡ್ಯಾಂಪರ್ ಇರುತ್ತದೆ. ಸ್ಪ್ರಿಂಗ್ ಸವಾರನ ಭಾರವನ್ನು ಹೊರುತ್ತದೆ, ಕುಗ್ಗಿದಾಗ ಶಕ್ತಿಯನ್ನು ಕೂಡಿಟ್ಟುಕೊಂಡು ಮತ್ತೆ ಹಿಂದಿರುಗಿಸುತ್ತದೆ. ಡ್ಯಾಂಪರ್ ಭಾರ ಹೊರುವುದಿಲ್ಲ. ಅದು ಎಣ್ಣೆಯನ್ನು ಕಿರಿದಾದ ದಾರಿಗಳ ಮೂಲಕ ಬಲವಂತವಾಗಿ ಹಾಯಿಸಿ, ಚಲನೆಯ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಫೋರ್ಕ್ ಎಷ್ಟು ದೂರ ಕುಗ್ಗಿದೆ ಎಂಬುದಕ್ಕೆ ಸ್ಪ್ರಿಂಗ್ ಉತ್ತರಿಸಿದರೆ, ಎಷ್ಟು ವೇಗವಾಗಿ ಕುಗ್ಗುತ್ತಿದೆ ಅಥವಾ ಹಿಗ್ಗುತ್ತಿದೆ ಎಂಬುದಕ್ಕೆ ಡ್ಯಾಂಪರ್ ಉತ್ತರಿಸುತ್ತದೆ. ಮುಂದಿನ ಎಲ್ಲ ಉತ್ತರಗಳೂ ಈ ಒಂದು ವ್ಯತ್ಯಾಸದ ಮೇಲೆಯೇ ನಿಂತಿವೆ. ಸ್ಪ್ರಿಂಗ್‌ನ ಕೊರತೆಯನ್ನು ಡ್ಯಾಂಪರ್‌ನಿಂದ ತುಂಬಲು ಹೊರಟರೆ ಎಷ್ಟು ದುಬಾರಿ ಡ್ಯಾಂಪರ್ ಹಾಕಿದರೂ ಫೋರ್ಕ್ ಹಿತವೆನಿಸುವುದಿಲ್ಲ.

ನನ್ನ ಫೋರ್ಕ್‌ಗೆ ನಿಜವಾಗಿಯೂ ಹೊಸ ಡ್ಯಾಂಪರ್ ಬೇಕೇ ಎಂದು ತಿಳಿಯುವುದು ಹೇಗೆ?

ಮೊದಲು ಡ್ಯಾಂಪರ್‌ಗೆ ಸಂಬಂಧವಿಲ್ಲದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಡ್ಯಾಂಪರ್ ಸರಿಯಿಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಒಣಗಿದ ಸೀಲ್, ಕೊಳೆತ ಎಣ್ಣೆ ಅಥವಾ ತಪ್ಪು ಗಾಳಿಯ ಒತ್ತಡದ ದೂರುಗಳಾಗಿರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಯಾಗ್‌ನಿಂದ, ಎಂದರೆ ಸವಾರನ ಭಾರಕ್ಕೇ ಫೋರ್ಕ್ ಕುಗ್ಗುವ ಅಳತೆಯಿಂದ, ಆರಂಭಿಸಿ. ಸವಾರಿಯ ಉಡುಪು, ಹೆಲ್ಮೆಟ್, ನೀರಿನ ಚೀಲ ಎಲ್ಲವನ್ನೂ ಧರಿಸಿ, ಪೆಡಲ್‌ಗಳ ಮೇಲೆ ನಿಂತು, ಇಳಿಜಾರಿನಲ್ಲಿ ನಿಲ್ಲುವ ಭಂಗಿಯಲ್ಲೇ ಅಳೆಯಬೇಕು. ಸಾಮಾನ್ಯ ಟ್ರೇಲ್ ಸವಾರಿಗೆ ಟ್ರಾವೆಲ್‌ನ (ಫೋರ್ಕ್ ಒಟ್ಟು ಕುಗ್ಗಬಲ್ಲ ದೂರದ) ಶೇಕಡ 15ರಿಂದ 20, ಕಡಿದಾದ ಇಳಿಜಾರಿನ ಸವಾರಿಗೆ ಶೇಕಡ 25ರವರೆಗೆ ಸ್ಯಾಗ್ ಇಟ್ಟುಕೊಳ್ಳುವುದು ವಾಡಿಕೆ. ನಂತರ ಗಾಳಿ ಕೋಣೆಯಲ್ಲಿ ಎಷ್ಟು ವಾಲ್ಯೂಮ್ ಟೋಕನ್‌ಗಳು (ಗಾಳಿಯ ಜಾಗವನ್ನು ಕಿರಿದುಗೊಳಿಸುವ ತುಣುಕುಗಳು) ಇವೆ ಎಂದು ನೋಡಿ. ಟ್ರಾವೆಲ್‌ನ ಕೊನೆಯ ಭಾಗ ಎಂದೂ ಬಳಕೆಗೆ ಬರುತ್ತಿಲ್ಲವಾದರೆ ಒಂದು ಟೋಕನ್ ತೆಗೆಯಿರಿ. ಪದೇ ಪದೇ ತಳ ಬಡಿಯುತ್ತಿದ್ದರೆ ಒಂದನ್ನು ಸೇರಿಸಿ. ಇದಕ್ಕೆ ಡ್ಯಾಂಪರನ್ನು ಮುಟ್ಟುವ ಅಗತ್ಯವೇ ಇಲ್ಲ.

ಮುಂದಿನದು ಘರ್ಷಣೆ. ಗಾಳಿಯನ್ನೆಲ್ಲ ಹೊರಬಿಟ್ಟು ಫೋರ್ಕನ್ನು ಕೈಯಿಂದ ನಿಧಾನವಾಗಿ ಒತ್ತಿ ಎಳೆದು ನೋಡಿ. ಚಲನೆ ನುಣುಪಾಗಿರಬೇಕು. ತಡೆದು ತಡೆದು ಜಾರುತ್ತಿದ್ದರೆ ಸೀಲ್ ಅಥವಾ ಬುಶಿಂಗ್ (ಕಾಲುಗಳು ಜಾರುವ ಒಳಬಳೆ) ಹಿಡಿಯುತ್ತಿದೆ ಎಂದರ್ಥ. ಮುಂಚಕ್ರದ ಆಕ್ಸಲ್ ಅನ್ನು ಅತಿಯಾಗಿ ಬಿಗಿದಾಗ ಕಾಲುಗಳು ಒಳಕ್ಕೆ ಎಳೆಯಲ್ಪಟ್ಟು ಇದೇ ತೊಂದರೆ ಉಂಟಾಗುವುದಿದೆ. ಆಕ್ಸಲ್ ಸಡಿಲಿಸಿದ ಕೂಡಲೇ ಫೋರ್ಕ್ ಸರಾಗವಾದರೆ ಕಾರಣ ಅಲ್ಲೇ ಇದೆ. ಕೆಳಗಿನ ಕಾಲುಗಳನ್ನು ಬಿಚ್ಚಿದಾಗ ತಿಳಿಯಾದ ಎಣ್ಣೆಯ ಬದಲು ಬೂದು ಬಣ್ಣದ, ಚಮಚ ತುಂಬಲೂ ಸಾಲದ ರಾಡಿ ತೊಟ್ಟಿಕ್ಕಿದರೆ, ಮೇಲಿನ ಫೋಮ್ ಉಂಗುರಗಳು ಬೆರಳಿಗೆ ಒಣಗಿ ಗಟ್ಟಿಯಾಗಿ ಸಿಕ್ಕರೆ, ಸಣ್ಣ ಕಲ್ಲುಗಳ ಮೇಲೆ ಕೈ ಏಕೆ ನೋಯುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇವೆಲ್ಲ ಸರಿಯಿದ್ದೂ ಉಳಿಯುವ ಲಕ್ಷಣಗಳು ಡ್ಯಾಂಪರ್‌ಗೆ ಸೇರಿದವು. ಕಂಪ್ರೆಷನ್ (ಕುಗ್ಗುವಾಗಿನ ಪ್ರತಿರೋಧದ) ಗುಂಡಿ ಪೂರ್ತಿ ತೆರೆದಿದ್ದರೂ ವೇಗದ ಕಲ್ಲುಹಾದಿಯಲ್ಲಿ ಅಂಗೈಗೆ ಹೊಡೆತ ಬೀಳುತ್ತದೆ, ಅದೇ ಫೋರ್ಕ್ ಬ್ರೇಕ್ ಹಿಡಿದಾಗ ಮೂಗು ಮುಗ್ಗರಿಸಿದಂತೆ ಕುಸಿಯುತ್ತದೆ ಎಂದಾದರೆ, ಅದು ಅಗ್ಗದ ಡ್ಯಾಂಪರ್‌ನ ಅಚ್ಚೊತ್ತಿದ ಗುರುತು. ಉದ್ದದ ಇಳಿಜಾರಿನ ಕೊನೆಗೆ ಫೋರ್ಕ್‌ನ ವರ್ತನೆ ಆರಂಭದಲ್ಲಿದ್ದಂತೆ ಇರುವುದಿಲ್ಲ ಎಂಬುದು ಇನ್ನೊಂದು. ಹೊಂದಾಣಿಕೆಯ ಗುಂಡಿಯನ್ನು ಒಂದು ತುದಿಯವರೆಗೆ ತಿರುಗಿಸಿದರೂ ಸಾಲದು ಎನಿಸುವುದು ಮೂರನೆಯದು.

ಆದರೆ ಗುಂಡಿ ತಿರುಗಿಸಿದರೆ ಯಾವ ಬದಲಾವಣೆಯೂ ಆಗದಿರುವುದು, ಚಲನೆಯ ಮೊದಲ ಭಾಗದಲ್ಲಿ ಪ್ರತಿರೋಧವೇ ಇಲ್ಲದೆ ಸಡಿಲವೆನಿಸುವುದು, ಗುಂಡಿಯ ಸುತ್ತ ಎಣ್ಣೆ ಜಿನುಗುವುದು ಇವು ಡ್ಯಾಂಪರ್ ಕೆಟ್ಟಿರುವ ಅಥವಾ ಅದರೊಳಗೆ ಗಾಳಿ ಸೇರಿರುವ ಲಕ್ಷಣಗಳು. ಅಲ್ಲಿ ಬೇಕಿರುವುದು ದುರಸ್ತಿ.

ಡ್ಯಾಂಪರ್‌ನ ವಿವರಣೆಯಲ್ಲಿ ಬರುವ ಲೋ-ಸ್ಪೀಡ್, ಹೈ-ಸ್ಪೀಡ್ ಎಂದರೆ ಸೈಕಲ್‌ನ ವೇಗವೇ?

ಅಲ್ಲ. ಅದು ಡ್ಯಾಂಪರ್‌ನ ದಂಡ ಒಳಹೊರಗೆ ಚಲಿಸುವ ವೇಗ. ಪೆಡಲ್ ತುಳಿಯುವಾಗಿನ ತೂಗಾಟ, ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುವುದು, ತಿರುವಿನಲ್ಲಿ ಚಕ್ರದ ಮೇಲೆ ಒತ್ತುವುದು ಇವು ನಿಧಾನದ ಚಲನೆಗಳು. ಚೂಪು ಅಂಚಿನ ಕಲ್ಲಿಗೆ ಚಕ್ರ ಬಡಿಯುವುದು, ಎತ್ತರದಿಂದ ಸಮತಟ್ಟಾದ ನೆಲಕ್ಕೆ ಇಳಿಯುವುದು ವೇಗದ ಚಲನೆಗಳು. ಸೈಕಲ್ ನಡಿಗೆಯ ವೇಗದಲ್ಲಿದ್ದಾಗಲೂ ಒಂದು ಮೆಟ್ಟಿಲಿನಿಂದ ಧುಮುಕಿದರೆ ದಂಡದ ವೇಗ ಹೆಚ್ಚೇ ಇರುತ್ತದೆ. ಸೈಕಲ್ ಗಾಳಿಯಂತೆ ಓಡುತ್ತಿದ್ದರೂ ನುಣುಪಾದ ದೊಡ್ಡ ತಿರುವಿನಲ್ಲಿ ಕೆಲಸ ಮಾಡುವುದು ಲೋ-ಸ್ಪೀಡ್ ದಾರಿಯೇ.

ಅಗ್ಗದ ಡ್ಯಾಂಪರ್‌ಗೂ ದುಬಾರಿ ಡ್ಯಾಂಪರ್‌ಗೂ ಒಳಗೆ ಏನು ವ್ಯತ್ಯಾಸ?

ಎಣ್ಣೆ ಯಾವ ದಾರಿಯಲ್ಲಿ ಹಾಯುತ್ತದೆ ಎಂಬುದೇ ಮುಖ್ಯ ವ್ಯತ್ಯಾಸ. ಅತ್ಯಂತ ಸರಳವಾದ ಡ್ಯಾಂಪರ್‌ನಲ್ಲಿ ಎಣ್ಣೆ ನಿಗದಿತ ಗಾತ್ರದ ರಂಧ್ರದ ಮೂಲಕ ಹೋಗುತ್ತದೆ. ರಂಧ್ರದ ಸ್ವಭಾವವೆಂದರೆ, ದಂಡದ ವೇಗ ಎರಡು ಪಟ್ಟಾದಾಗ ಅದರ ಪ್ರತಿರೋಧ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಿಡಿದಾಗಿನ ನಿಧಾನ ಚಲನೆಗೆ ಬೆಂಬಲ ಸಿಗುವಷ್ಟು ರಂಧ್ರವನ್ನು ಕಿರಿದುಗೊಳಿಸಿದರೆ ಕಲ್ಲಿನ ಹೊಡೆತಕ್ಕೆ ಫೋರ್ಕ್ ಕಬ್ಬಿಣದ ಸರಳಿನಂತೆ ಬಿಗಿದುಕೊಳ್ಳುತ್ತದೆ. ಹೊಡೆತಕ್ಕೆ ಅನುಕೂಲವಾಗುವಂತೆ ಅಗಲ ಮಾಡಿದರೆ ಬ್ರೇಕ್‌ಗೆ ಕುಸಿಯುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ರಂಧ್ರವೊಂದರಿಂದ ಸಾಧ್ಯವಿಲ್ಲ.

ಶಿಮ್‌ಗಳು ಬರುವುದು ಇಲ್ಲಿ. ಶಿಮ್ ಎಂದರೆ ಒಂದು ಮಿಲಿಮೀಟರ್‌ನ ಹತ್ತನೆಯ ಒಂದು ಭಾಗದ ಆಸುಪಾಸು ದಪ್ಪವಿರುವ, ನಡುವೆ ತೂತುಳ್ಳ ಉಕ್ಕಿನ ಬಿಲ್ಲೆ. ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು ಎಂಬಂತೆ ಇವುಗಳನ್ನು ಪಿಸ್ಟನ್‌ನ ಮುಖದ ಮೇಲೆ ಪೇರಿಸಿರುತ್ತಾರೆ. ಎಣ್ಣೆಯ ಒತ್ತಡ ಕಡಿಮೆಯಿರುವಾಗ ಬಿಲ್ಲೆಗಳು ದಾರಿಯನ್ನು ಮುಚ್ಚಿಕೊಂಡೇ ಇರುತ್ತವೆ. ಎಣ್ಣೆ ಪಕ್ಕದ ಸೂಜಿ ಕವಾಟದ ಮೂಲಕ ಮಾತ್ರ ಹರಿಯುತ್ತದೆ. ಒತ್ತಡ ಏರಿದಂತೆ ಬಿಲ್ಲೆಗಳ ಅಂಚು ಬಾಗಿ ದಾರಿ ತೆರೆದುಕೊಳ್ಳುತ್ತದೆ, ಹೊಡೆತ ದೊಡ್ಡದಾದಷ್ಟೂ ಹೆಚ್ಚು ಬಾಗುತ್ತವೆ. ಇದರಿಂದಾಗಿ ನಿಧಾನದ ಚಲನೆಗೆ ಗಟ್ಟಿಯಾದ ಬೆಂಬಲವೂ ವೇಗದ ಹೊಡೆತಕ್ಕೆ ಮಿತಿಮೀರದ ಪ್ರತಿರೋಧವೂ ಒಂದೇ ಡ್ಯಾಂಪರ್‌ನಲ್ಲಿ ಸಿಗುತ್ತವೆ. ಒಂದು ಬಿಲ್ಲೆಯ ದಪ್ಪವನ್ನು ಕೂದಲೆಳೆಯಷ್ಟು ಬದಲಿಸಿದರೂ ಹ್ಯಾಂಡಲ್‌ನಲ್ಲಿ ಅದು ಅನುಭವಕ್ಕೆ ಬರುತ್ತದೆ.

ಫೋರ್ಕ್ ತಯಾರಕ ಸಂಸ್ಥೆ ರಾಕ್‌ಶಾಕ್ಸ್ 1989ರಲ್ಲಿ ಮಾರುಕಟ್ಟೆಗೆ ತಂದ ಆರ್‌ಎಸ್-1 ಫೋರ್ಕ್ ಕೂಡ ಗಾಳಿ ಮತ್ತು ಎಣ್ಣೆಯಿಂದಲೇ ಕೆಲಸ ಮಾಡುತ್ತಿತ್ತು. ಅದರ ಟ್ರಾವೆಲ್ ಸುಮಾರು 50 ಮಿಲಿಮೀಟರ್ ಮಾತ್ರ. ಇಂದು ಅದರ ಮೂರು ಪಟ್ಟು ಟ್ರಾವೆಲ್ ಇರುವ ಫೋರ್ಕ್‌ಗಳು ಸಾಮಾನ್ಯವಾಗಿರುವುದರಿಂದ ಎಣ್ಣೆಯ ಹರಿವನ್ನು ನಿಯಂತ್ರಿಸುವ ಹೊಣೆಯೂ ಅಷ್ಟೇ ಹೆಚ್ಚಿದೆ.

ಬ್ಲ್ಯಾಡರ್, ಐಎಫ್‌ಪಿ, ಓಪನ್ ಬಾತ್ ಎಂಬ ಮಾತುಗಳ ಅರ್ಥವೇನು?

ಡ್ಯಾಂಪರ್‌ನೊಳಗೆ ದಂಡ ನುಗ್ಗಿದಾಗ ಅದು ಆಕ್ರಮಿಸುವ ಜಾಗದಷ್ಟು ಎಣ್ಣೆ ಬೇರೆಲ್ಲಾದರೂ ಸರಿಯಲೇಬೇಕು, ಏಕೆಂದರೆ ಎಣ್ಣೆ ಕುಗ್ಗುವುದಿಲ್ಲ. ಆ ಎಣ್ಣೆಗೆ ಎಲ್ಲಿ ಜಾಗ ಮಾಡಿಕೊಡುತ್ತಾರೆ ಎಂಬುದರ ಮೇಲೆ ಈ ಹೆಸರುಗಳು ಬಂದಿವೆ.

ಬ್ಲ್ಯಾಡರ್ ಎಂದರೆ ಹಿಗ್ಗುವ ರಬ್ಬರ್ ಚೀಲ. ರಾಕ್‌ಶಾಕ್ಸ್‌ನ ಚಾರ್ಜರ್, ಚಾರ್ಜರ್ 2 ಮತ್ತು 2.1, ಇನ್ನೊಂದು ತಯಾರಕ ಸಂಸ್ಥೆ ಫಾಕ್ಸ್‌ನ ಫಿಟ್4 ಈ ಬಗೆಯವು. ಐಎಫ್‌ಪಿ ಎಂದರೆ ಎಣ್ಣೆಯ ಒತ್ತಡಕ್ಕೆ ಹಿಂದೆ ಸರಿಯುವ ತೇಲು ಪಿಸ್ಟನ್. ಫಾಕ್ಸ್‌ನ ಗ್ರಿಪ್ ಮತ್ತು ಗ್ರಿಪ್2, ರಾಕ್‌ಶಾಕ್ಸ್‌ನ ಚಾರ್ಜರ್ 3 ಇವುಗಳಲ್ಲಿ ಆ ಪಿಸ್ಟನ್‌ನ ಬೆನ್ನಿಗೆ ಸ್ಪ್ರಿಂಗ್ ಇರುತ್ತದೆ. ಓಪನ್ ಬಾತ್ ಬಗೆಯಲ್ಲಿ ಎಣ್ಣೆಯನ್ನು ಮುಚ್ಚಿಡುವುದೇ ಇಲ್ಲ: ಕಾಲಿನೊಳಗೆ ಧಾರಾಳವಾಗಿ ತುಂಬಿದ ಎಣ್ಣೆಯೇ ಡ್ಯಾಂಪಿಂಗ್‌ಗೂ ಬುಶಿಂಗ್‌ಗಳ ಜಾರುವಿಕೆಗೂ ಬಳಕೆಯಾಗುತ್ತದೆ. ಅವಲಾಂಚ್ ಸಂಸ್ಥೆಯ ಕಾರ್ಟ್ರಿಡ್ಜ್‌ಗಳು ಈ ಮಾದರಿಗೆ ಹೆಸರಾಗಿವೆ. ತೂಕ ಸ್ವಲ್ಪ ಹೆಚ್ಚಾದರೂ ಎಣ್ಣೆ ಹೆಚ್ಚಿರುವುದರಿಂದ ಶಾಖ ತಡೆದುಕೊಳ್ಳುತ್ತದೆ, ಬುಶಿಂಗ್‌ಗಳು ಸದಾ ತೊಯ್ದಿರುತ್ತವೆ.

ಬಳಕೆದಾರನ ದೃಷ್ಟಿಯಿಂದ ಇಲ್ಲಿ ತಿಳಿಯಬೇಕಾದ ಸಂಗತಿ ಒಂದಿದೆ. ದಂಡ ಪ್ರತಿ ಬಾರಿ ಒಳಹೋಗುವಾಗಲೂ ಕೆಳಗಿನ ಕಾಲಿನ ಎಣ್ಣೆಯ ತೆಳುವಾದ ಪದರವನ್ನು ಸೀಲ್ ದಾಟಿಸಿ ಒಳಕ್ಕೆ ಒಯ್ಯುತ್ತದೆ. ಮುಚ್ಚಿದ ಬ್ಲ್ಯಾಡರ್ ಡ್ಯಾಂಪರ್‌ನಲ್ಲಿ ಇದು ತಿಂಗಳುಗಟ್ಟಲೆ ಸೇರುತ್ತಾ ಚೀಲವನ್ನು ಉಬ್ಬಿಸುತ್ತದೆ. ಗ್ರಿಪ್ ಬಗೆಯ ಡ್ಯಾಂಪರ್ ಹೆಚ್ಚಾದ ಎಣ್ಣೆಯನ್ನು ಮೇಲಿನ ದಾರಿಯಿಂದ ತಾನೇ ಹೊರಹಾಕುತ್ತದೆ. ದೂರದ ಊರುಗಳಲ್ಲಿದ್ದುಕೊಂಡು ಸರ್ವಿಸ್ ಕೇಂದ್ರ ಸುಲಭಕ್ಕೆ ಸಿಗದವರು ಆಯ್ಕೆ ಮಾಡುವಾಗ ಈ ಗುಣಕ್ಕೆ ಹೆಚ್ಚಿನ ಬೆಲೆ ಕೊಡಬೇಕು.

ಯಾವ ಡ್ಯಾಂಪರ್ ನನ್ನ ಫೋರ್ಕ್‌ಗೆ ಹೊಂದುತ್ತದೆ?

ಸ್ಟ್ಯಾಂಚನ್‌ನ (ಕೆಳಗಿನ ಕಾಲಿನೊಳಗೆ ಜಾರುವ ಮೇಲಿನ ಕೊಳವೆಯ) ಹೊರವ್ಯಾಸ ಒಂದೇ ಇದೆ ಎಂದಮಾತ್ರಕ್ಕೆ ಡ್ಯಾಂಪರ್ ಹೊಂದುವುದಿಲ್ಲ. 35 ಮಿಲಿಮೀಟರ್‌ನ ಎರಡು ಫೋರ್ಕ್‌ಗಳಲ್ಲಿ ಕೊಳವೆಯ ಗೋಡೆಯ ದಪ್ಪ, ಮೇಲಿನ ಮುಚ್ಚಳದ ಎಳೆ, ದಂಡದ ಉದ್ದ ಮೂರೂ ಬೇರೆಯಾಗಿರಬಹುದು. ಫೋರ್ಕ್‌ನ ಮಾದರಿ, ತಯಾರಾದ ವರ್ಷ, ಚಕ್ರದ ಗಾತ್ರ ಇವು ಮೂರೂ ಖಚಿತವಾಗಿ ಗೊತ್ತಿರಬೇಕು. ಫಾಕ್ಸ್ ಫೋರ್ಕ್‌ಗಳ ಮೇಲೆ ನಾಲ್ಕು ಅಕ್ಷರಾಂಕಗಳ ಗುರುತಿನ ಸಂಕೇತವೂ ರಾಕ್‌ಶಾಕ್ಸ್ ಫೋರ್ಕ್‌ಗಳ ಮೇಲೆ ಕ್ರಮಸಂಖ್ಯೆಯೂ ಇರುತ್ತದೆ; ತಯಾರಕರ ಜಾಲತಾಣದಲ್ಲಿ ಅದನ್ನು ನಮೂದಿಸಿದರೆ ಆ ಫೋರ್ಕ್‌ನ ಪೂರ್ಣ ವಿವರ ಸಿಗುತ್ತದೆ. ಅಂಗಡಿಯವರ ಬಾಯಿಮಾತಿಗಿಂತ ಇದು ನಂಬಲರ್ಹ.

ಈ ಬದಲಾವಣೆಯಿಂದ ಅತಿ ಹೆಚ್ಚು ಲಾಭ ಪಡೆಯುವುದು ದುಬಾರಿ ಫೋರ್ಕ್‌ನ ದೇಹವನ್ನೇ ಹಂಚಿಕೊಂಡು ಸರಳ ಡ್ಯಾಂಪರ್‌ನೊಂದಿಗೆ ಬರುವ ಫೋರ್ಕ್‌ಗಳು. ರಾಕ್‌ಶಾಕ್ಸ್ ಯಾರಿ ಫೋರ್ಕ್ ಲಿರಿಕ್‌ನ ದೇಹವನ್ನೂ, 2018ರ ನಂತರದ ರೆವೆಲೇಷನ್ ಪೈಕ್‌ನ ದೇಹವನ್ನೂ ಹೊಂದಿದ್ದವು. ಇವುಗಳಿಗೆ ಚಾರ್ಜರ್ 2.1 ಡ್ಯಾಂಪರ್ ಹಾಕಿದಾಗ ಫೋರ್ಕ್‌ನ ಬಿಗಿತ ಮೊದಲೇ ಚೆನ್ನಾಗಿರುವುದರಿಂದ ವೆಚ್ಚಕ್ಕೆ ತಕ್ಕ ಫಲ ಕಾಣುತ್ತದೆ. ಆದರೆ ಹೊಸ ತಲೆಮಾರಿನ ಡ್ಯಾಂಪರ್ ಹಳೆಯದಕ್ಕೆ ಹೊಂದುತ್ತದೆ ಎಂಬ ಭರವಸೆ ಇಲ್ಲ: ಚಾರ್ಜರ್ 3 ಬಂದಾಗ ಅದು ಹೊಸ ದೇಹದ ಲಿರಿಕ್ ಮತ್ತು ಪೈಕ್‌ಗಳಿಗೆ ಹೊಂದಿತು, ಹಿಂದಿನ ತಲೆಮಾರಿನ ಲಿರಿಕ್, ಪೈಕ್‌ಗಳಿಗೆ ಹೊಂದುತ್ತಿರಲಿಲ್ಲ.

ಹೊಸ ಡ್ಯಾಂಪರ್ ಕೊಳ್ಳುವುದೋ, ಇರುವುದನ್ನೇ ಮರುಟ್ಯೂನ್ ಮಾಡಿಸುವುದೋ?

ಇರುವ ಡ್ಯಾಂಪರ್‌ನಲ್ಲಿ ಶಿಮ್‌ಗಳಿದ್ದರೆ, ಅದರ ದೇಹ ಮತ್ತು ಸೀಲ್‌ಗಳು ಆರೋಗ್ಯವಾಗಿದ್ದರೆ, ಮರುಟ್ಯೂನ್ ಕಡೆಗೇ ನನ್ನ ಒಲವು. ಕಾರ್ಖಾನೆಯಿಂದ ಬರುವ ಡ್ಯಾಂಪರನ್ನು ಒಬ್ಬ ಸರಾಸರಿ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಜೋಡಿಸಿರುತ್ತಾರೆ. ಆ ಸರಾಸರಿಯಿಂದ ನೀವು ದೂರವಿದ್ದರೆ ಅತ್ಯಂತ ದುಬಾರಿ ಮಾದರಿಯೂ ನಿಮ್ಮ ಪಾಲಿಗೆ ತಪ್ಪಾಗಿಯೇ ಇರಬಹುದು. ನಾಲ್ಕು ಗುಂಡಿಗಳಿರುವ ಡ್ಯಾಂಪರ್ ಎರಡು ಗುಂಡಿಗಳದ್ದಕ್ಕಿಂತ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ. ಆದರೆ ಒಳಗಿನ ಶಿಮ್‌ಗಳ ಜೋಡಣೆ ಸರಿಯಿಲ್ಲದಿದ್ದರೆ ಗುಂಡಿಗಳು ತಪ್ಪನ್ನು ಅತ್ತಿತ್ತ ಸರಿಸಬಲ್ಲವೇ ಹೊರತು ಅಳಿಸಲಾರವು. ತೂಕ, ಸವಾರಿಯ ಬಗೆ, ಈಗಿನ ಕ್ಲಿಕ್‌ಗಳ (ಗುಂಡಿ ತಿರುಗುವ ಹಂತಗಳ) ಸ್ಥಾನ, ತೊಂದರೆಯ ವಿವರ ಇಷ್ಟನ್ನು ಕೇಳಿ ಬರೆದುಕೊಂಡು ಶಿಮ್‌ಗಳನ್ನು ಬದಲಿಸಿಕೊಡುವ ತಂತ್ರಜ್ಞ ಸಿಕ್ಕರೆ, ಆ ಡ್ಯಾಂಪರ್ ನಿಮ್ಮೊಬ್ಬರಿಗಾಗಿ ಮಾಡಿದ್ದಾಗುತ್ತದೆ. ಈ ಯಾವ ಪ್ರಶ್ನೆಯನ್ನೂ ಕೇಳದೆ ಮರುಟ್ಯೂನ್ ಮಾಡಿಕೊಡುತ್ತೇನೆ ಎನ್ನುವವರಿಂದ ದೂರವಿರುವುದು ಒಳ್ಳೆಯದು.

ಇವೆರಡರ ನಡುವೆ ಮೂರನೆಯ ದಾರಿಯೂ ಇದೆ. ಕಂಪ್ರೆಷನ್ ಕವಾಟದ ಭಾಗವನ್ನು ಮಾತ್ರ ಬದಲಿಸುವ ಕಿಟ್‌ಗಳು ಕೆಲವು ಫೋರ್ಕ್‌ಗಳಿಗೆ ಸಿಗುತ್ತವೆ. ಪುಶ್ ಸಂಸ್ಥೆಯ ಎಚ್‌ಸಿ97 ಅಂಥದ್ದು. ಫಾರ್ಮುಲಾ ಸಂಸ್ಥೆಯ ಸಿಟಿಎಸ್ ವ್ಯವಸ್ಥೆಯಲ್ಲಂತೂ ಕಂಪ್ರೆಷನ್ ಕವಾಟವನ್ನು ಡ್ಯಾಂಪರ್ ಬಿಚ್ಚದೆಯೇ ಮೇಲಿನಿಂದ ಬದಲಿಸಿಕೊಳ್ಳಬಹುದು. ಇರುವ ಡ್ಯಾಂಪರ್‌ನಲ್ಲಿ ಶಿಮ್‌ಗಳೇ ಇಲ್ಲದಿದ್ದಾಗ ಮಾತ್ರ ಪೂರ್ತಿ ಹೊಸದನ್ನು ಹಾಕುವುದೇ ಸರಿಯಾದ ಮಾರ್ಗ.

ಬೇರೆ ದಪ್ಪದ ಎಣ್ಣೆ ಹಾಕಿದರೆ ಸಾಲದೇ?

ಸ್ವಲ್ಪ ಮಟ್ಟಿಗೆ ಸಾಕು. ತೆಳುವಾದ ಎಣ್ಣೆ ಹಾಕಿದರೆ ಕಂಪ್ರೆಷನ್ ಮತ್ತು ರಿಬೌಂಡ್ (ಹಿಗ್ಗುವಾಗಿನ ಪ್ರತಿರೋಧ) ಎರಡೂ ಸಡಿಲಗೊಳ್ಳುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲು ಎಣ್ಣೆಯಿಂದ ಆಗದು. ಪರಿಣಾಮ ಹೆಚ್ಚಾಗಿ ಕಾಣುವುದು ಸೂಜಿ ಕವಾಟ ಮತ್ತು ರಂಧ್ರಗಳ ದಾರಿಯಲ್ಲಿ, ಶಿಮ್‌ಗಳ ದಾರಿಯಲ್ಲಿ ಅಷ್ಟಿಲ್ಲ. ಡಬ್ಬಿಯ ಮೇಲಿನ 5ಡಬ್ಲ್ಯುಟಿ, 7.5ಡಬ್ಲ್ಯುಟಿ ಎಂಬ ಅಂಕಿಗಳನ್ನು ಒಂದು ತಯಾರಕರಿಂದ ಇನ್ನೊಬ್ಬರಿಗೆ ಹೋಲಿಸಬಾರದು, ಏಕೆಂದರೆ ಒಂದೇ ಅಂಕಿಯ ಎರಡು ಎಣ್ಣೆಗಳ ಸ್ನಿಗ್ಧತೆಯಲ್ಲಿ ದೊಡ್ಡ ಅಂತರವಿರುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ) ಎಷ್ಟು ಎಂಬ ಅಂಕಿಯನ್ನು ನೋಡಿಕೊಂಡು ಹೋಲಿಸಬೇಕು. ಡ್ಯಾಂಪರ್‌ನ ಎಣ್ಣೆಯೂ ಕೆಳಗಿನ ಕಾಲಿಗೆ ಹಾಕುವ ಎಣ್ಣೆಯೂ ಬೇರೆ ಬೇರೆ ಎಂಬುದು ನೆನಪಿರಲಿ.

ನನ್ನ ತೂಕ ತೀರಾ ಕಡಿಮೆ ಅಥವಾ ತೀರಾ ಹೆಚ್ಚು. ನನಗೆ ಇದರಿಂದ ಪ್ರಯೋಜನವಿದೆಯೇ?

ಎಲ್ಲರಿಗಿಂತ ಹೆಚ್ಚಿನ ಪ್ರಯೋಜನ ನಿಮಗೇ ಇದೆ. ಹಗುರವಾದ ಸವಾರ ಗಾಳಿಯ ಒತ್ತಡವನ್ನು ಕಡಿಮೆ ಇಟ್ಟುಕೊಳ್ಳುತ್ತಾನೆ. ಆ ಮೃದುವಾದ ಸ್ಪ್ರಿಂಗ್‌ಗೆ ಡ್ಯಾಂಪರ್‌ನ ರಿಬೌಂಡ್ ಪ್ರತಿರೋಧವನ್ನು ಮೀರಿ ವೇಗವಾಗಿ ಹಿಗ್ಗುವ ಬಲವಿರುವುದಿಲ್ಲ. ಗುಂಡಿಯನ್ನು ಪೂರ್ತಿ ತೆರೆದರೂ ಫೋರ್ಕ್ ಮೇಲೇಳುವಷ್ಟರಲ್ಲಿ ಮುಂದಿನ ಕಲ್ಲು ಬಂದಿರುತ್ತದೆ. ಕಲ್ಲಿನಿಂದ ಕಲ್ಲಿಗೆ ಫೋರ್ಕ್ ಕೆಳಗೇ ಉಳಿಯುತ್ತಾ ಕೊನೆಗೆ ಗಟ್ಟಿಯಾಗಿಬಿಡುತ್ತದೆ. ಚಿಕ್ಕ ವಯಸ್ಸಿನ ಮತ್ತು ಹಗುರ ದೇಹದ ಸವಾರರು ಇದನ್ನು ತಮ್ಮ ಕೌಶಲದ ಕೊರತೆ ಎಂದುಕೊಂಡು ಸುಮ್ಮನಿರುವುದು ಬೇಸರದ ಸಂಗತಿ, ಏಕೆಂದರೆ ರಿಬೌಂಡ್ ಶಿಮ್‌ಗಳನ್ನು ಹಗುರಗೊಳಿಸಿದರೆ ಅದೇ ಹಾದಿ ಅವರಿಗೆ ಬೇರೆಯದೇ ಆಗಿ ಕಾಣುತ್ತದೆ. ಭಾರಿ ದೇಹದವರ ತೊಂದರೆ ಇದರ ತಿರುಗುಮುರುಗು: ಗಟ್ಟಿ ಸ್ಪ್ರಿಂಗ್‌ನ ಚಿಮ್ಮುವಿಕೆಯನ್ನು ತಡೆಯಲು ರಿಬೌಂಡ್ ಗುಂಡಿಯನ್ನು ಕೊನೆಯವರೆಗೆ ಮುಚ್ಚಿದರೂ ಸಾಲುವುದಿಲ್ಲ. ಗುಂಡಿ ಸದಾ ಒಂದು ತುದಿಯಲ್ಲೇ ಇರಬೇಕಾದ ಸ್ಥಿತಿಯೇ ಮರುಟ್ಯೂನ್‌ಗೆ ಸ್ಪಷ್ಟವಾದ ಕರೆ.

ಈ ಕೆಲಸವನ್ನು ಮನೆಯಲ್ಲೇ ಮಾಡಬಹುದೇ?

ಸಿದ್ಧವಾಗಿ ಎಣ್ಣೆ ತುಂಬಿ ಬರುವ ಡ್ಯಾಂಪರನ್ನು ಬದಲಿಸುವುದು, ಕೆಳಗಿನ ಕಾಲುಗಳ ಸರ್ವಿಸ್ ಮಾಡಬಲ್ಲ ಯಾರ ಕೈಗಾದರೂ ನಿಲುಕುವ ಕೆಲಸ. ಡ್ಯಾಂಪರನ್ನೇ ಬಿಚ್ಚಿ ಶಿಮ್ ಬದಲಿಸಿ ಗಾಳಿಯಿಲ್ಲದಂತೆ ಎಣ್ಣೆ ತುಂಬುವುದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಗ್ರಿಪ್ ಬಗೆಯವನ್ನು ನಿರ್ವಾತ ಯಂತ್ರವಿಲ್ಲದೆ ಕೈಯಿಂದಲೇ ತುಂಬಬಹುದು, ಚಾರ್ಜರ್‌ಗೆ ಸಿರಿಂಜ್ ಸಾಕಾಗುತ್ತದೆ; ಫಿಟ್4 ಬಗೆಯ ಮುಚ್ಚಿದ ಕಾರ್ಟ್ರಿಡ್ಜನ್ನು ಯಂತ್ರವಿರುವ ಕಾರ್ಯಾಗಾರಕ್ಕೆ ಕೊಡುವುದು ಮೇಲು.

ಟಾರ್ಕ್ ರೆಂಚ್, ಶಾಕ್ ಪಂಪ್, ಪ್ಲಾಸ್ಟಿಕ್ ಸುತ್ತಿಗೆ, ಎಣ್ಣೆ ಅಳೆಯುವ ಸಿರಿಂಜ್ ಮತ್ತು ಮೇಲಿನ ಮುಚ್ಚಳಕ್ಕೆ ಹೊಂದುವ ಸಾಕೆಟ್ ಬೇಕು. ಫೋರ್ಕ್ ಮುಚ್ಚಳದ ಅಂಚುಗಳು ತೆಳುವಾಗಿರುವುದರಿಂದ ಒಳಬಾಯಿ ಇಳಿಜಾರಾಗಿರುವ ಸಾಮಾನ್ಯ ಸಾಕೆಟ್ ಅದನ್ನು ಕಚ್ಚಿ ಹಿಡಿಯದೆ ಜಾರಿ ಸವೆಸುತ್ತದೆ. ಬಾಯಿ ಸಮತಟ್ಟಾಗಿ ಕೊರೆದ ಸಾಕೆಟನ್ನೇ ಬಳಸಿ.

ಬದಲಾಯಿಸುವ ಕ್ರಮ ಹೇಗಿರುತ್ತದೆ?

ಆಯಾ ಫೋರ್ಕ್‌ನ ಸರ್ವಿಸ್ ಕೈಪಿಡಿಯೇ ಕೊನೆಯ ಮಾತು. ಇಲ್ಲಿರುವುದು ಹೆಚ್ಚಿನ ಫೋರ್ಕ್‌ಗಳಿಗೆ ಅನ್ವಯಿಸುವ ಹಾದಿ.

ಮೊದಲು ಈಗಿನ ಗಾಳಿಯ ಒತ್ತಡವನ್ನೂ ಎಲ್ಲ ಗುಂಡಿಗಳ ಕ್ಲಿಕ್‌ಗಳನ್ನೂ ಬರೆದಿಟ್ಟುಕೊಳ್ಳಿ. ಚಕ್ರ ಮತ್ತು ಬ್ರೇಕ್ ಕ್ಯಾಲಿಪರ್ ತೆಗೆದು ಅವನ್ನು ಎಣ್ಣೆ ತಾಗದಷ್ಟು ದೂರವಿಡಿ; ಡಿಸ್ಕ್ ಅಥವಾ ಪ್ಯಾಡ್‌ಗೆ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ನಂತರ ಗಾಳಿಯನ್ನು ಪೂರ್ತಿ ಹೊರಬಿಡಿ. ಇದರಲ್ಲಿ ರಾಜಿ ಬೇಡ, ಒತ್ತಡವಿರುವ ಫೋರ್ಕನ್ನು ಬಿಚ್ಚಿದರೆ ಭಾಗಗಳು ಸಿಡಿದು ಗಾಯವಾಗಬಹುದು. ರಿಬೌಂಡ್ ಗುಂಡಿಯನ್ನು ಎಳೆದು ತೆಗೆದು, ಕೆಳಗಿನ ಎರಡು ಬೋಲ್ಟ್‌ಗಳನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಬೋಲ್ಟ್ ತಲೆಯ ಮೇಲೆ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿದರೆ ಒಳಗಿನ ದಂಡಗಳು ಬಿಡುತ್ತವೆ. ಬೋಲ್ಟ್‌ಗಳನ್ನು ತೆಗೆದು ಕೆಳಗಿನ ಕಾಲುಗಳನ್ನು ಎಳೆದಾಗ ಸುರಿಯುವ ಎಣ್ಣೆಯನ್ನು ತಟ್ಟೆಯಲ್ಲಿ ಹಿಡಿದುಕೊಳ್ಳಿ. ಬಳಸಿದ ಎಣ್ಣೆಯನ್ನು ಚರಂಡಿಗೆ ಚೆಲ್ಲಬಾರದು.

ಮೇಲಿನ ಮುಚ್ಚಳ ತಿರುಗಿಸಿ ಹಳೆಯ ಡ್ಯಾಂಪರನ್ನು ಮೇಲಕ್ಕೆ ಎಳೆಯಿರಿ. ಸ್ಟ್ಯಾಂಚನ್‌ನ ಒಳಭಾಗವನ್ನು ಒರೆಸಿ. ಹೊಸ ಡ್ಯಾಂಪರನ್ನು ಒಳಗಿಡುವ ಮುನ್ನ ಕೈಯಲ್ಲಿ ನೆಟ್ಟಗೆ ಹಿಡಿದು ದಂಡವನ್ನು ಕೆಲವು ಬಾರಿ ಒತ್ತಿ ಎಳೆಯಿರಿ: ಪ್ರತಿರೋಧ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕು, ನಡುವೆ ಎಲ್ಲಿಯೂ ತಟ್ಟನೆ ಹಗುರಾಗಬಾರದು, ಗುಳುಗುಳು ಸದ್ದು ಬರಬಾರದು. ದೋಷವನ್ನು ಪತ್ತೆಹಚ್ಚಲು ಇದಕ್ಕಿಂತ ಸುಲಭದ ಸಮಯ ಮತ್ತೆ ಸಿಗುವುದಿಲ್ಲ. ರಾಕ್‌ಶಾಕ್ಸ್ ಫೋರ್ಕ್‌ಗಳಲ್ಲಿ ಮೇಲಿನ ಮುಚ್ಚಳಕ್ಕೆ ಸಾಮಾನ್ಯವಾಗಿ 28, ಕೆಳಗಿನ ಬೋಲ್ಟ್‌ಗಳಿಗೆ 7ರ ಆಸುಪಾಸು ನ್ಯೂಟನ್ ಮೀಟರ್ ಟಾರ್ಕ್ ಹೇಳಲಾಗುತ್ತದೆ. ಫಾಕ್ಸ್ ಅಂಕಿಗಳು ಬೇರೆ.

ಕೆಳಗಿನ ಕಾಲುಗಳು ಬಿಚ್ಚಿರುವಾಗಲೇ ಫೋಮ್ ಉಂಗುರಗಳನ್ನು ಎಣ್ಣೆಯಲ್ಲಿ ನೆನೆಸಿ, ಸವೆದ ಸೀಲ್‌ಗಳನ್ನು ಬದಲಿಸಿಬಿಡಿ. ಹೊಸ ಡ್ಯಾಂಪರ್ ಹಾಕಿ ಹಳೆಯ ಒಣ ಸೀಲ್‌ಗಳನ್ನು ಉಳಿಸಿಕೊಂಡರೆ ಹೊಸದರ ಗುಣ ಕೈಗೆ ತಲುಪುವುದೇ ಇಲ್ಲ. ಕಾಲುಗಳನ್ನು ಅರ್ಧ ಏರಿಸಿ, ಕೈಪಿಡಿ ಹೇಳಿದಷ್ಟೇ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ಸಿರಿಂಜ್ ಮೂಲಕ ಹಾಕಿ, ಹೊಸ ವಾಷರ್‌ಗಳೊಂದಿಗೆ ಬೋಲ್ಟ್ ಬಿಗಿಯಿರಿ.

ಅಳವಡಿಸಿದ ಮೇಲೆ ಹೊಂದಾಣಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಹಳೆಯ ಡ್ಯಾಂಪರ್‌ನ ಕ್ಲಿಕ್‌ಗಳ ಸಂಖ್ಯೆ ಹೊಸದಕ್ಕೆ ಅನ್ವಯಿಸುವುದಿಲ್ಲ. ಕಂಪ್ರೆಷನ್ ಗುಂಡಿಗಳನ್ನೆಲ್ಲ ಪೂರ್ತಿ ತೆರೆದಿಟ್ಟು, ರಿಬೌಂಡನ್ನು ತಯಾರಕರ ತೂಕದ ಪಟ್ಟಿಯಂತೆ ಇಟ್ಟು, ಮೊದಲು ಸ್ಯಾಗ್ ಸರಿಪಡಿಸಿಕೊಳ್ಳಿ. ಕ್ಲಿಕ್‌ಗಳನ್ನು ಯಾವಾಗಲೂ ಪೂರ್ತಿ ಮುಚ್ಚಿದ ಸ್ಥಾನದಿಂದಲೇ ಎಣಿಸಬೇಕು, ಏಕೆಂದರೆ ಎಲ್ಲ ಡ್ಯಾಂಪರ್‌ಗಳಲ್ಲೂ ಖಚಿತವಾಗಿ ನಿಲ್ಲುವ ಸ್ಥಾನ ಅದೇ.

ಚೆನ್ನಾಗಿ ಪರಿಚಯವಿರುವ ಸಣ್ಣ ಹಾದಿಯ ತುಣುಕನ್ನು ಆರಿಸಿಕೊಂಡು, ಒಂದು ಬಾರಿಗೆ ಒಂದೇ ಗುಂಡಿಯನ್ನು ಎರಡೆರಡು ಕ್ಲಿಕ್ ಬದಲಿಸುತ್ತಾ ಮತ್ತೆ ಮತ್ತೆ ಇಳಿಯಿರಿ. ಮೊದಲು ರಿಬೌಂಡ್. ಕಲ್ಲುಗಳ ಸಾಲಿನಲ್ಲಿ ಹ್ಯಾಂಡಲ್ ಕೈಯನ್ನು ಮೇಲಕ್ಕೆ ತಳ್ಳುತ್ತಿದ್ದರೆ, ತಿರುವಿನಲ್ಲಿ ಮುಂಚಕ್ರ ಪುಟಿಯುತ್ತಿದ್ದರೆ ರಿಬೌಂಡ್ ಅತಿ ವೇಗ. ಸಾಲಿನ ಮೊದಲ ಕಲ್ಲುಗಳು ಹಿತವೆನಿಸಿ ಕೊನೆಯವು ಗಟ್ಟಿಯಾದರೆ ಅತಿ ನಿಧಾನ. ನಂತರ ಲೋ-ಸ್ಪೀಡ್ ಕಂಪ್ರೆಷನನ್ನು ಬ್ರೇಕ್ ಹಿಡಿದಾಗಿನ ಕುಸಿತ ತಡೆಯುವಷ್ಟು ಮಾತ್ರ ಸೇರಿಸಿ. ಹೈ-ಸ್ಪೀಡ್ ಗುಂಡಿ ಇದ್ದರೆ ಅದನ್ನು ಕೊನೆಗೆ, ದೊಡ್ಡ ಇಳಿತಗಳಲ್ಲಿ ಟ್ರಾವೆಲ್ ಬೇಗ ಮುಗಿಯುತ್ತಿದ್ದರೆ ಮಾತ್ರ ಮುಟ್ಟಿ. ಹೊಸ ಸೀಲ್‌ಗಳು ಪಳಗಲು ಕೆಲವು ಸವಾರಿಗಳು ಬೇಕಾಗುವುದರಿಂದ ಮೊದಲ ದಿನದ ತೀರ್ಮಾನವನ್ನೇ ಅಂತಿಮವೆಂದು ಭಾವಿಸಬೇಡಿ.

ಹೊಸ ಡ್ಯಾಂಪರ್ ಸದ್ದು ಮಾಡುತ್ತದೆ. ಇದು ದೋಷವೇ?

ಎಣ್ಣೆ ಕವಾಟಗಳ ಮೂಲಕ ರಭಸದಿಂದ ಹಾಯುವಾಗ ಕೇಳುವ ಸರ್ ಸರ್ ಸದ್ದು ಸಹಜ, ಶಿಮ್‌ಗಳು ಹೆಚ್ಚು ಕೆಲಸ ಮಾಡುವ ಡ್ಯಾಂಪರ್‌ಗಳಲ್ಲಿ ಅದು ಇನ್ನಷ್ಟು ಕೇಳುತ್ತದೆ. ಕಟಕಟ ಎಂಬ ಲೋಹದ ಸದ್ದು ಅಥವಾ ಪೂರ್ತಿ ಹಿಗ್ಗಿದಾಗ ಢಣ್ ಎಂದು ಬಡಿಯುವುದು ಸಹಜವಲ್ಲ. ಬೋಲ್ಟ್‌ಗಳ ಬಿಗಿತ ನೋಡಿ, ಆಗಲೂ ಹೋಗದಿದ್ದರೆ ಡ್ಯಾಂಪರ್‌ನಲ್ಲಿ ಗಾಳಿಯಿದೆಯೇ ಎಂದು ಪರೀಕ್ಷಿಸಬೇಕು.

ಲಾಕ್‌ಔಟ್ (ಫೋರ್ಕ್ ಕುಗ್ಗದಂತೆ ಬಿಗಿಯುವ ಸೌಲಭ್ಯ) ಇಲ್ಲದ ಡ್ಯಾಂಪರ್ ಕೊಂಡರೆ ಹತ್ತುವಾಗ ಕಷ್ಟವಾಗುವುದೇ?

ಉದ್ದನೆಯ ನುಣುಪು ದಾರಿಯಲ್ಲಿ ಎದ್ದು ನಿಂತು ತುಳಿಯುವವರಿಗೆ ಮಾತ್ರ ಅದರ ಕೊರತೆ ಕಾಡೀತು. ಕೂತು ಹತ್ತುವವರಿಗೆ ಸಾಕಷ್ಟು ಲೋ-ಸ್ಪೀಡ್ ಕಂಪ್ರೆಷನ್ ಇರುವ ಡ್ಯಾಂಪರ್ ಧಾರಾಳವಾಗಿ ಸಾಕು. ಹ್ಯಾಂಡಲ್ ಮೇಲಿನ ರಿಮೋಟ್ ಇರುವವರು ಹೊಸ ಡ್ಯಾಂಪರ್ ಆ ಕೇಬಲ್‌ಗೆ ಹೊಂದುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಡ್ಯಾಂಪರ್ ಬದಲು ಸ್ಪ್ರಿಂಗ್ ಕಡೆಯನ್ನು ಉತ್ತಮಪಡಿಸಿದರೆ ಹೇಗೆ?

ಸಣ್ಣ ಕಂಪನಗಳಿಗೆ ಫೋರ್ಕ್ ಸ್ಪಂದಿಸುವುದಿಲ್ಲ, ಟ್ರಾವೆಲ್‌ನ ನಡುಭಾಗದಲ್ಲಿ ಬೆಂಬಲವಿಲ್ಲ ಎಂಬುದು ನಿಮ್ಮ ಮುಖ್ಯ ದೂರಾಗಿದ್ದರೆ ಅದನ್ನೇ ಮೊದಲು ಮಾಡಬೇಕು. ವೋರ್‌ಸ್ಪ್ರಂಗ್ ಸಂಸ್ಥೆಯ ಲುಫ್ಟ್‌ಕಾಪೆಯಂಥ ಏರ್ ಪಿಸ್ಟನ್, ಮುಖ್ಯ ಗಾಳಿಗೆ ಎದುರಾಗಿ ಒತ್ತುವ ಋಣ ಗಾಳಿ ಕೋಣೆಯನ್ನು ಹಿಗ್ಗಿಸಿ ಆರಂಭದ ಚಲನೆಯನ್ನು ಮೃದುಗೊಳಿಸುತ್ತದೆ. ಅದೇ ಸಂಸ್ಥೆಯ ಸ್ಮ್ಯಾಶ್‌ಪಾಟ್, ಪುಶ್‌ನ ಎಸಿಎಸ್3 ಮುಂತಾದ ಕಿಟ್‌ಗಳು ಗಾಳಿಯ ಬದಲು ಉಕ್ಕಿನ ಸ್ಪ್ರಿಂಗ್ ತರುತ್ತವೆ. ಘರ್ಷಣೆ ತಗ್ಗುತ್ತದೆ, ತೂಕ ಹೆಚ್ಚುತ್ತದೆ. ಸ್ಪ್ರಿಂಗ್ ಬದಲಾದಾಗ ರಿಬೌಂಡನ್ನು ಮತ್ತೆ ಹೊಂದಿಸಲೇಬೇಕು.

ಸರ್ವಿಸ್ ಎಷ್ಟು ಸಮಯಕ್ಕೊಮ್ಮೆ?

ರಾಕ್‌ಶಾಕ್ಸ್ ತನ್ನ ಫೋರ್ಕ್‌ಗಳ ಕೆಳಗಿನ ಕಾಲುಗಳಿಗೆ 50 ಗಂಟೆಗಳ ಸವಾರಿಗೊಮ್ಮೆ ಸರ್ವಿಸ್ ಹೇಳುತ್ತದೆ, ಡ್ಯಾಂಪರ್‌ನ ಸರ್ವಿಸ್‌ಗೆ ಹೊಸ ಮಾದರಿಗಳಲ್ಲಿ 200 ಗಂಟೆಗಳ ಅವಧಿ ಕೊಡುತ್ತದೆ. ಫಾಕ್ಸ್ 125 ಗಂಟೆಗಳಿಗೆ ಅಥವಾ ವರ್ಷಕ್ಕೊಮ್ಮೆ ಪೂರ್ಣ ಸರ್ವಿಸ್ ಸೂಚಿಸುತ್ತದೆ. ಕೆಸರು, ಮಳೆ, ದೂಳಿನಲ್ಲಿ ಓಡಿಸುವವರು ಈ ಅವಧಿಯನ್ನು ಇನ್ನೂ ಕಡಿಮೆ ಮಾಡಿಕೊಳ್ಳಬೇಕು.

ಯಾವ ಸಂದರ್ಭದಲ್ಲಿ ಡ್ಯಾಂಪರ್ ಬಿಟ್ಟು ಹೊಸ ಫೋರ್ಕ್ ಕೊಳ್ಳುವುದು ಉಚಿತ?

ಸ್ಟ್ಯಾಂಚನ್ ಮೇಲಿನ ಲೇಪನ ಸವೆದಿದ್ದರೆ ಅಥವಾ ಬೆರಳುಗುರಿಗೆ ಸಿಗುವಷ್ಟು ಗೀರಿದ್ದರೆ, ಬ್ರೇಕ್ ಹಿಡಿದು ಸೈಕಲನ್ನು ಮುಂದೆಹಿಂದೆ ಅಲುಗಿಸಿದಾಗ ಬುಶಿಂಗ್‌ಗಳು ಲಟಲಟ ಎನ್ನುತ್ತಿದ್ದರೆ, ಎರಡು ಕಾಲುಗಳನ್ನು ಮೇಲೆ ಜೋಡಿಸುವ ಕ್ರೌನ್‌ನಿಂದ ಕಿರುಗುಟ್ಟುವ ಸದ್ದು ಬರುತ್ತಿದ್ದರೆ, ಆ ದೇಹದೊಳಗೆ ಒಳ್ಳೆಯ ಡ್ಯಾಂಪರ್ ಇಡುವುದು ವ್ಯರ್ಥ. 30 ಅಥವಾ 32 ಮಿಲಿಮೀಟರ್‌ನ ತೆಳು ಕಾಲುಗಳ ಫೋರ್ಕನ್ನು ಕಲ್ಲುಬಂಡೆಗಳ ಇಳಿಜಾರಿಗೆ ಒಯ್ಯುತ್ತಿರುವವರಿಗೂ ಇದೇ ಮಾತು: ಅಲ್ಲಿ ಮೊದಲು ಸೋಲುವುದು ಫೋರ್ಕ್‌ನ ಬಿಗಿತ. ಡ್ಯಾಂಪರ್, ಸೀಲ್, ಕೂಲಿ ಎಲ್ಲ ಸೇರಿದ ವೆಚ್ಚ ಅದೇ ಡ್ಯಾಂಪರ್ ಇರುವ, ಒಳ್ಳೆಯ ಸ್ಥಿತಿಯ ಬಳಸಿದ ಫೋರ್ಕ್‌ನ ಬೆಲೆಗೆ ಸಮೀಪಿಸಿದಾಗಲೂ ಫೋರ್ಕನ್ನೇ ಬದಲಿಸಿ. ಆದರೆ ಕೊಳ್ಳುವ ಮೊದಲು ಅದರ ಸ್ಟೀರರ್ ಕೊಳವೆ ನಿಮ್ಮ ಫ್ರೇಮ್‌ಗೆ ಸಾಲುವಷ್ಟು ಉದ್ದವಿದೆಯೇ, ಆಕ್ಸಲ್ ನಿಮ್ಮ ಚಕ್ರದ ಹಬ್‌ಗೆ ಹೊಂದುತ್ತದೆಯೇ ಎಂದು ಅಳೆದು ನೋಡಿಕೊಳ್ಳಿ.